ನೀರು ಕೊಡಬಾರದ ಮಡಿ

ನಾಗರಬಾವಿಯ ಜಮೀನೆಲ್ಲ ಲೇಔಟ್ ಆದ ಮೇಲೂ ನಮ್ಮತ್ತೆ ಲಕ್ಷ್ಮಿದೇವಮ್ಮ ಮನೆ ಹಿಂದಿನ ಒಂದು ಸೈಟನ್ನು ಖಾಲಿ ಉಳಿಸಿಕೊಂಡಿದ್ದರು. ಮನೆ ಕಟ್ಟಿಸೋಣ ಅಂದರೆ, "ಮಣ್ಣು ಕಾಣೋ ಜಾಗ ಒಂದಾದ್ರೂ ಬೇಡ್ವಾ ಕುಸುಮಾ" ಅನ್ನುತ್ತಿದ್ದರು. ೨೦೦೩ರಲ್ಲಿ ನಮ್ಮ ಮೇಲಿನ ರೂಮಿಗೆ ಬಾಡಿಗೆಗೆ ಬಂದ ಗದಗದ ಚೇತನಾ ಆ ಜಾಗ ಕೇಳಿದಳು. ನೀರು ಕಮ್ಮಿಯಾದಾಗ ಹುರುಳಿಕಾಯಿ ಗಿಡಕ್ಕೆ ಸತು, ಬೋರಾನ್ ಸಿಂಪಡಿಸಿದರೆ ಫಸಲು ಉಳಿಯುತ್ತದೆಯೇ ಎಂದು ನೋಡಬೇಕಂತೆ. ಅವಳ ಕೃಷಿ ಎಂ.ಎಸ್ಸಿ. ಅದರ ಮೇಲೆಯೇ ನಿಂತಿತ್ತು.

ನಾಲ್ಕು ಮಡಿ ಮಾಡಿದಳು. ಎರಡಕ್ಕೆ ಕೊನೆಯವರೆಗೂ ನೀರು. ಇನ್ನೆರಡಕ್ಕೆ ಹೂ ಬಿಟ್ಟ ಮೇಲೆ ನೀರಿಲ್ಲ. ನಾಲ್ಕನೆಯದಕ್ಕಂತೂ ನೀರೂ ಇಲ್ಲ, ಸಿಂಪಡಣೆಯೂ ಇಲ್ಲ. ಒಣಗುವುದೇ ಅದರ ಕೆಲಸ. ಅಲ್ಲಿ 'ದಯವಿಟ್ಟು ನೀರು ಹಾಕಬೇಡಿ' ಎಂಬ ಬೋರ್ಡು ನೆಟ್ಟಳು. ಬೋರ್ಡು ಓದಲು ಅತ್ತೆಗೆ ಬರುತ್ತದೆ. ಒಪ್ಪಲು ಬರುವುದಿಲ್ಲ.

ಸಂಕ್ರಾಂತಿ ಹೊತ್ತಿಗೆ ಕಾಯಿ ಕಿತ್ತು ತೂಗಿದರೆ ನಾಲ್ಕೂ ಮಡಿ ಒಂದೇ ಸಮ. "ಹುರುಳಿಕಾಯಿಗೆ ನೀರೇ ಬೇಡ ಅಂತ ಬರೀತೀಯೇನಮ್ಮ?" ಎಂದು ಅವಳ ಮೇಷ್ಟ್ರು ಕೇಳಿದರಂತೆ. ಚೇತನಾ ಮೆಟ್ಟಿಲ ಮೇಲೆ ಕೂತು ಅತ್ತಳು.

ಮಾರನೇ ಬೆಳಿಗ್ಗೆ ನಲ್ಲಿ ನೀರು ಹಿಡಿಯಲು ಎದ್ದ ನನಗೆ ಕಾರಣ ಕಾಣಿಸಿತು. ಅತ್ತೆ ಮೂರನೇ ಮಡಿಗೆ ಹುಯ್ದು ಮುಗಿಸಿ ನಾಲ್ಕನೇ ಮಡಿಗೆ ಬಿಂದಿಗೆ ಬಗ್ಗಿಸುತ್ತಿದ್ದರು. ದಿನ ಬಿಟ್ಟು ದಿನ ಬರುವ ನೀರು. ನಾನು ಒಂದು ಚೊಂಬು ಹೆಚ್ಚಿಗೆ ಹುಯ್ದುಕೊಂಡರೆ ಬಚ್ಚಲ ಬಾಗಿಲು ತಟ್ಟುವ ಹೆಂಗಸು ಇವರು. ನನಗೆ ಮೈಯೆಲ್ಲ ಉರಿಯಿತು. ಚೇತನಾಳನ್ನು ಕರೆದು ತೋರಿಸಿದೆ.

"ಹೂ ಬಿಟ್ಟ ಗಿಡ ಬಸುರಿ ಇದ್ದಂಗೆ ಕಣಮ್ಮ" ಅಂದರು ಅತ್ತೆ. "ಬಸುರಿಗೆ ನೀರು ಕೊಡ್ದೆ ಇರೋಕಾಗತ್ತಾ?"

"ಅದು ಒಣಗಿದ್ರನ ನಾ ಪಾಸಾಗೋದು, ಅಜ್ಜಿ."

ಅತ್ತೆ ಬಿಂದಿಗೆ ಕೆಳಗಿಟ್ಟರು. "ಹಂಗಾದ್ರೆ ಇನ್ನೊಂದ್ಸಲ ಬಿತ್ತು. ನಾನಿಲ್ಲಿದ್ರೆ ಕೈ ಸುಮ್ನಿರಲ್ಲ. ಕೆಂಗೇರಿಗೆ ಹೋಗ್ತೀನಿ."

ಗಿಡ ಹೂ ಬಿಟ್ಟ ದಿನ ನಿಜವಾಗಿಯೂ ಕೆಂಗೇರಿಯ ಮಗಳ ಮನೆಗೆ ಹೊರಟುಹೋದರು. ದಿನಾ ಫೋನು. ನಾವು ಹೇಗಿದ್ದೇವೆ ಎಂದು ಒಂದು ದಿನವೂ ಕೇಳಲಿಲ್ಲ. "ಅದು ಹೆಂಗಿದೆ?" ಅಷ್ಟೇ. "ಒಣಗ್ತಾ ಇದೆ" ಅಂದರೆ ಫೋನಿಟ್ಟುಬಿಡುವರು.

ಈ ಸಲ ಎಲ್ಲ ಸರಿಯಾಗಿ ಕೆಟ್ಟಿತು. ನೀರಿಲ್ಲದ ಎರಡರಲ್ಲಿ ಸಿಂಪಡಣೆ ಕಂಡ ಮಡಿ ಅರ್ಧಂಬರ್ಧ ಕಾಯಿ ಬಿಟ್ಟಿತು. ನಾಲ್ಕನೆಯದು ಹೂವೆಲ್ಲ ಉದುರಿಸಿ ಕಡ್ಡಿಯಾಯಿತು. ಮೇಷ್ಟ್ರು ಒಪ್ಪಿದರು. ಚೇತನಾ ನಮಗೆಲ್ಲ ಮೈಸೂರುಪಾಕು ತಂದಳು.

ಅತ್ತೆ ವಾಪಸು ಬಂದವರು ಬ್ಯಾಗನ್ನು ಹೊಸ್ತಿಲಲ್ಲೇ ಬಿಟ್ಟು, ಬಿಂದಿಗೆ ತುಂಬಿಕೊಂಡು ಹಿತ್ತಿಲಿಗೆ ಹೋದರು. ಚೇತನಾ ಬೋರ್ಡು ಕೀಳುತ್ತಿದ್ದಳು.

"ಈಗ ಹಾಕ್ಬೋದಾ?" ಅತ್ತೆ ಯಾರನ್ನಾದರೂ ಅಪ್ಪಣೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹಾಕ್ರಿ ಅಜ್ಜಿ. ಆದ್ರ ಅದು ಇನ್ನ ಬದುಕಂಗಿಲ್ರಿ."

"ಗೊತ್ತು" ಅಂದರು ಅತ್ತೆ. ಬುಡಬುಡಕ್ಕೂ ಹಾಕಿದರು. ಬಿಂದಿಗೆ ಖಾಲಿಯಾದಾಗ ಕೊನೆಯ ಸಾಲು ಉಳಿದಿತ್ತು.

ಅವತ್ತು ನೀರು ಬರುವ ದಿನವಲ್ಲ. ನಾನು ಒಳಗೆ ಹೋಗಿ ಇನ್ನೊಂದು ಬಿಂದಿಗೆ ತಂದುಕೊಟ್ಟೆ.