ತೊಂಬತ್ತಾರು ಕಿಲೋ

ಸೊಸೆ ಶಾಲೆಯಲ್ಲಿ ಲೆಕ್ಕದ ಟೀಚರು. ಅತ್ತೆ ಒಂದು ಕಾಲದಲ್ಲಿ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದು ಬಂದವರು. ಮದುವೆಯಾದ ಹೊಸದರಲ್ಲಿ ಸೊಸೆ ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಮೆಟ್ಟಿಲು ಹತ್ತಿಸಿದ್ದನ್ನು ಕಂಡು, ಅತ್ತೆ ಅವಳನ್ನು ಸೀದಾ ಜಿಮ್ಮಿಗೆ ಎಳೆದುಕೊಂಡು ಹೋಗಿದ್ದರು. ಅವತ್ತಿನಿಂದ ಗಂಡನೆಂಬುವವನು ಇವರಿಬ್ಬರ ಮಧ್ಯೆ ಬಾಯಿ ಹಾಕುವುದನ್ನೇ ಬಿಟ್ಟಿದ್ದ.

ಈಗ ಸ್ಪರ್ಧೆಯಲ್ಲಿ ಅವಳಿಗೆ ಉಳಿದಿದ್ದು ಕೊನೆಯ ಒಂದೇ ಅವಕಾಶ. ಸದ್ಯಕ್ಕೆ ಮೂರನೇ ಸ್ಥಾನ. ತೊಂಬತ್ತೆರಡು ಕಿಲೋ ಎತ್ತಿದರೆ ಎರಡನೆಯದು, ತೊಂಬತ್ತಾರು ಎತ್ತಿದರೆ ಮೊದಲನೆಯದು. ಮುಂದಿನ ದೊಡ್ಡ ಸ್ಪರ್ಧೆಗೆ ಹೋಗುವುದು ಮೊದಲು ಬಂದವಳೊಬ್ಬಳೇ.

"ತೊಂಬತ್ತೆರಡು ಅಂತ ಹೇಳು," ಅಂದರು ಅತ್ತೆ, ಅವಳ ಹೆಗಲು ತಿಕ್ಕುತ್ತ. "ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ತೊಂಬತ್ತಾರು ಇವತ್ತು ಆಗಲ್ಲ. ನನ್ನ ಮನಸ್ಸು ಹೇಳ್ತಿದೆ."

"ಪ್ರಾಕ್ಟೀಸಲ್ಲಿ ಐದು ಸಲಕ್ಕೆ ಒಂದು ಸಲ ಎತ್ತಿದೀನಿ ಅತ್ತೆ."

"ಅದನ್ನೇ ನಾನೂ ಬಡ್ಕೊಳ್ತಿರೋದು! ನಾಲ್ಕು ಸಲ ಬಿದ್ದಿದೆ."

"ತೊಂಬತ್ತೆರಡು ಎತ್ತಿದ್ರೆ ದೊಡ್ಡ ಸ್ಪರ್ಧೆಗೆ ಹೋಗೋ ಅವಕಾಶ ಎಷ್ಟು? ಸೊನ್ನೆ. ಅದಕ್ಕಿಂತ ಐದರಲ್ಲೊಂದು ದೊಡ್ಡದೇ ಅಲ್ವಾ?"

"ಕೈಗೆ ಬಂದ ಬೆಳ್ಳಿ ಬಿಡ್ತೀಯಾ?"

"ನಾನು ಬಂದಿದ್ದು ಬೆಳ್ಳಿಗಲ್ಲ."

ಹಾಗಂದವಳೇ ತೀರ್ಪುಗಾರರ ಮೇಜಿನ ಹತ್ತಿರ ಹೋಗಿ ತೊಂಬತ್ತಾರು ಅಂತ ಬರೆಸಿ ಬಂದಳು.

ಭಾರದ ಕಂಬಿ ಎದೆಗೆ ಬಂತು. ಎದ್ದು ನಿಂತಳು. ಹಲ್ಲು ಕಚ್ಚಿ ತಲೆಯ ಮೇಲಕ್ಕೆ ತಳ್ಳಿದಳು. ಬಲಗೈ ನೆಟ್ಟಗಾಯಿತು, ಎಡಗೈ ಆಗಲಿಲ್ಲ. ಕಂಬಿ ಧಡಾರನೆ ಬಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. "ನನ್ನ ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಬೀಳೋದೇ ಹೆಚ್ಚು ಅಂತ ಗೊತ್ತಿದ್ದೇ ಬರೆಸಿದ್ದು. ಮತ್ತೆ ಅಲ್ಲೇ ನಿಲ್ಲಿಸಿದ್ರೂ ತೊಂಬತ್ತಾರೇ ಅಂತೀನಿ."

ಮೂರ್ನಾಲ್ಕು ಸ್ಟಾಪು ಕಳೆದ ಮೇಲೆ, ಅತ್ತೆ ಇದ್ದಕ್ಕಿದ್ದಂತೆ ಅವಳ ಎಡ ಮೊಣಕೈ ಹಿಡಿದು ಮಡಚಿ ಬಿಡಿಸಿದರು.

"ಇದು ಬಲಗೈಗಿಂತ ಒಂದು ಚೂರು ತಡವಾಗಿ ಏಳುತ್ತೆ. ಇವತ್ತು ಮೊದಲ ಸಲ ಎತ್ತಿದಾಗ್ಲೇ ಕಣ್ಣಿಗೆ ಬಿದ್ದಿರ್ಬೇಕು ನೋಡು. ಆಗ ಬಾಯಿಗೆ ಬರಲಿಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದ್ಬಿಟ್ಟೆ."

ಇದು ಅವಳ ಯಾವ ಲೆಕ್ಕದಲ್ಲೂ ಇರಲಿಲ್ಲ. "ತಿದ್ದಬಹುದಾ?"

"ಹಠ ಇದ್ರೆ ತಿದ್ದಬಹುದು. ಅದಕ್ಕೇನು ನಿನ್ನ ಹತ್ರ ಬರವಾ?"

ಮರುದಿನ ಶಾಲೆಗೆ ಹೊರಡುವ ಮುಂಚೆ ಅವಳು ಜಿಮ್ಮಿನಲ್ಲಿ ಭಾರ ಹಾಕದ ಬರೀ ಕಂಬಿ ಹಿಡಿದು ನಿಂತಿದ್ದಳು. ಅತ್ತೆ ಎಡಗಡೆ ಸ್ಟೂಲು ಹಾಕಿಕೊಂಡು ಕೂತು, ಕಣ್ಣು ಕೀಳದೆ ಮೊಣಕೈಯನ್ನೇ ನೋಡುತ್ತ, "ಹೂಂ, ಇನ್ನೊಂದ್ಸಲ," ಅನ್ನುತ್ತಿದ್ದರು.