ಅರವಟ್ಟಿಗೆ ನೀರಿಗೂ ಮೀಟರು

ಹರಿಹರದ ಆ ಓಣಿಗೆ ಹೊಳೆ ಕೂಗಳತೆಯಲ್ಲೇ ಇದೆ. ಆದರೂ ನೀರು ಬಂದರೆ ಹಬ್ಬ, ಬಾರದಿದ್ದರೆ ಜಗಳ. ಅದಕ್ಕೇ, ಓಣಿಯ ನೀರನ್ನು ನಗರಸಭೆಯವರು ಪರದೇಶದ ಕಂಪನಿಯೊಂದಕ್ಕೆ ವಹಿಸುತ್ತಾರೆ ಎಂದಾಗ ನಿರ್ಮಲಮ್ಮನಿಗೆ ಖುಷಿಯೋ ಖುಷಿ. ಮೊದಲ ಮೀಟರು ಅವರ ಮನೆಗೇ ಬಂತು. ಹೊಸ ಪೈಪಿನ ಕೆಲಸಕ್ಕೆಂದು ಎದುರಿನ ಬೀದಿ ನಲ್ಲಿಯನ್ನು ಬಂದ್ ಮಾಡಿದರು. ಅದನ್ನು ಕಿತ್ತೇಹಾಕಬೇಕೋ ಬೇಡವೋ ಎಂಬುದು ಭಾನುವಾರದ ವಾರ್ಡ್ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

"ಕಿತ್ತೊಗೀಲಿ ಬಿಡು. ನಗರಸಭೆಯೋರು ನೀರು ಬಿಡೋದು ಅಮಾಸಿಗೊಮ್ಮೆ, ಹುಣ್ಣಿಮಿಗೊಮ್ಮೆ. ಕಂಪನಿಯೋರು ದಿನಾ ಬಿಡ್ತಾರಂತೆ," ಎಂದರು ನಿರ್ಮಲಮ್ಮ.

ಪಕ್ಕದ ಮನೆ ತನುಶ್ರೀ ದಾವಣಗೆರೆಯಲ್ಲಿ ವಕೀಲರೊಬ್ಬರ ಹತ್ತಿರ ಕೆಲಸಕ್ಕಿದ್ದಾಳೆ. "ದಿನಾ ಬರ್ಲಿ ದೊಡ್ಡಮ್ಮ, ಯಾರು ಬ್ಯಾಡ ಅಂದ್ರು? ಬೀದಿ ನಲ್ಲಿ ಹೋದ್ರೆ ಅದನ್ನೇ ನಂಬ್ಕೊಂಡಿರೋ ಕಾಳವ್ವ ಏನ್ ಮಾಡ್ಬೇಕು? ಅವಳ ಬಾಡಿಗೆ ಗೂಡಿಗೆ ಮೀಟರ್ ಹಾಕ್ಸೋರು ಯಾರು?"

"ನಮ್ಮನೆಗೇ ಬರ್ಲಿ. ನಾನೇನು ನೀರಿಗೆ ಇಲ್ಲ ಅಂತೀನಾ?"

ಹಾಗೆನ್ನುವ ಹಕ್ಕು ಅವರಿಗಿತ್ತು. ಉಕ್ಕಡಗಾತ್ರಿಯ ಗದ್ದುಗೆಗೆ ನಡೆದು ಹೋಗುವ ಭಕ್ತರಿಗೆ ಪ್ರತಿ ಅಮಾವಾಸ್ಯೆ ತಮ್ಮ ಮನೆಯ ಮುಂದೆ ಅರವಟ್ಟಿಗೆ ಇಡುತ್ತಿದ್ದರು. ಒಂದು ಚೊಂಬು ನೀರು, ಒಂದು ಹಿಡಿ ಮಂಡಕ್ಕಿ. ಅತ್ತೆಯ ಕಾಲದಿಂದ ಬಂದ ಪದ್ಧತಿ.

ಈ ಅಮಾವಾಸ್ಯೆಗೂ ಇಟ್ಟರು; ಬೀದಿ ನಲ್ಲಿ ಬಂದ್ ಆಗಿದ್ದರಿಂದ ಈ ಸಲ ಮನೆಯ ನಲ್ಲಿಯ ನೀರು. ಕೊಡ ತುಂಬುವಾಗ ಮೀಟರಿನ ಮುಳ್ಳು ಗಿರಗಿರ ತಿರುಗಿತು. ನೋಡಬಾರದೆಂದುಕೊಂಡೇ ನೋಡಿದರು. ಮತ್ತೊಂದು ಕೊಡಕ್ಕೂ ನೋಡಿದರು. ಬಿಸಿಲಲ್ಲಿ ಬಂದ ಮುದುಕನೊಬ್ಬ ನೀರು ಕುಡಿದು, ಮುಖ ತೊಳೆಯಲೆಂದು ಬೊಗಸೆ ಒಡ್ಡಿದ. "ಮಾರಿಗೂ ಒಂಚೂರು ಹಾಕವ್ವಾ."

"ಕುಡಿಯಾಕಷ್ಟೇ ಯಜಮಾನ್ರೇ!"

ಅಂದವರೇ ನಾಲಿಗೆ ಕಚ್ಚಿಕೊಂಡರು. ಮುದುಕ ಒಣ ಟವೆಲ್‌ನಲ್ಲೇ ಮುಖ ಒರೆಸಿಕೊಂಡು ನಡೆದ. ಹಿಂದೆ ಖಾಲಿ ಕೊಡ ಹಿಡಿದು ನಿಂತಿದ್ದ ಕಾಳವ್ವ ಬಂದ ದಾರಿಗೆ ತಿರುಗಿದಳು.

"ಯಾಕ ಕಾಳವ್ವಾ, ಹೊಂಟೆ?"

"ಇರ್ಲಿ ಬಿಡ್ರಮ್ಮ. ಇವತ್ತು ನಿಮ್ಗೆ ಭಾಳ ಖರ್ಚಾಗೈತೆ."

ಸಂಜೆ ತನುಶ್ರೀ ಬಂದಾಗ ನಿರ್ಮಲಮ್ಮನ ಮುಖ ಬಾಡಿತ್ತು. "ನನ್ನ ಕೈ ಹೆಂಗೆ ಬಿಗಿ ಆತೇ?"

"ನೀರು ಮಾರೋ ಸಾಮಾನು ಆದ್ರೆ ಎಂಥೋರ ಕೈನೂ ಬಿಗೀತೈತೆ ದೊಡ್ಡಮ್ಮ. ಪರದೇಶದ ಬ್ಯಾಂಕು ನಗರಸಭೆಗೆ ಸಾಲ ಕೊಟ್ಟು, ನೀರು ಕಂಪನಿಗೆ ವಹಿಸ್ರಿ ಅಂತ ಶರತ್ತು ಹಾಕ್ತೈತೆ, ಕಂಪನಿ ಲಾಭ ನೋಡ್ತೈತೆ. ಓಣಿ ಮಾತು ಕೇಳೋರ್ಯಾರು?"

"ನಗರಸಭೆಯೋರು ಭಾರಿ ಸಾಚಾನಾ?"

"ಅಲ್ಲ. ಆದ್ರೆ ನೀರು ಬರ್ದಿದ್ದಾಗ ನೀವೆಲ್ಲ ಖಾಲಿ ಕೊಡ ಹಿಡ್ಕೊಂಡ್ ಹೋಗಿ ನಮ್ಮ ವಾರ್ಡ್ ಮೆಂಬರ್ ಕಲ್ಲೇಶಪ್ಪನ್ನ ಬೈದು ಬಂದ್ರಲ್ಲ? ಮತ್ತೆ ಓಟು ಬೇಕಲ್ಲ, ಬೈಸ್ಕೊಂಡ. ಕಂಪನಿ ಮಾಲೀಕನ್ನ ಬೈಯಾಕೆ ಯಾವ ವಿಮಾನ ಹತ್ತೀರಿ?"

ನಿರ್ಮಲಮ್ಮ ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಭಾನುವಾರ ಸಭೆಯ ಮೇಜಿನ ಮೇಲೆ ಅರವಟ್ಟಿಗೆಯ ಖಾಲಿ ಕೊಡ ಇಟ್ಟು ಅವರು ಎದ್ದು ನಿಂತರು. "ಪೈಪು ಹೊಸದು ಹಾಕ್ರಿ, ಸೋರಿಕೆ ನಿಲ್ಸ್ರಿ. ಬೀದಿ ನಲ್ಲಿ ಮಾತ್ರ ಮುಟ್ಟಬ್ಯಾಡ್ರಿ. ಕರಾರಿನಾಗೆ ಏನೈತೆ, ಕನ್ನಡದಾಗೆ ಓದಿ ಹೇಳ್ರಿ. ಒಪ್ಪಿಗೆ ಮಾತು ಆಮ್ಯಾಲೆ."

ಮೊದಲು ಕಾಳವ್ವ ಕೈ ಎತ್ತಿದಳು. ಆಮೇಲೆ, ಆಸೆಪಟ್ಟು ಮೀಟರು ಹಾಕಿಸಿದ್ದ, ನಿರ್ಮಲಮ್ಮನ ಯಜಮಾನರಾದ ಮುರುಗೇಶಪ್ಪನವರೂ ಎತ್ತಿದರು. ಒಂದೊಂದಾಗಿ ಸಭೆಯ ಹೆಚ್ಚಿನ ಕೈಗಳು ಮೇಲೆದ್ದವು, ಬೀದಿ ನಲ್ಲಿ ಉಳಿಯಿತು.

ನಿಮ್ಮ ವಾರ್ಡ್ ಸಭೆಗೂ ಹೋಗಿ. ನೀರಿರಲಿ, ಆಸ್ಪತ್ರೆಯಿರಲಿ, ಬಸ್ಸಿರಲಿ, ನಮ್ಮೆಲ್ಲರದನ್ನು ಖಾಸಗಿಯವರಿಗೆ ಕೊಡುವ ಮೊದಲು ಒಂದು ಮಾತು ಕೇಳಿ: ಕೆಟ್ಟರೆ ಯಾರ ಬಾಗಿಲು ತಟ್ಟಬೇಕು? ಉತ್ತರ ಸಿಗುವ ತನಕ ಒಪ್ಪಬೇಡಿ. ಬರುವ ಅಮಾವಾಸ್ಯೆಗೆ ನಿಮ್ಮ ಓಣಿಗೂ ಬಾಯಾರಿದವರು ಬರುತ್ತಾರೆ. ಮಾರಿಗೂ ಒಂಚೂರು ನೀರು ಕೇಳುತ್ತಾರೆ.