ಎಂಟನೆಯವಳು

“ವಾರ್ಷಿಕ ಆಟೋಟದಲ್ಲಿ ಹೆಂಗಸರಿಗೆ ಕುರ್ಚಿ ಆಟ ಇದೆಯಲ್ಲಮ್ಮ, ನಿಂಬೆಹಣ್ಣು-ಚಮಚ ಇದೆ. ಇನ್ನೇನು ಬೇಕು?” ರೈಲ್ವೆ ನೌಕರರ ಸಂಘದ ಕಾರ್ಯದರ್ಶಿ ಕನ್ನಡಕ ಮೇಲೇರಿಸಿದ.

“ಹಗ್ಗ ಬೇಕು ಸಾರ್,” ಎಂದಳು ಫಿಟರನ ಹೆಂಡತಿ. “ಹಗ್ಗ ಜಗ್ಗಾಟ. ನಮ್ಮ ಶೆಡ್ ಲೈನಿನ ಮನೆಗಳ ಹೆಂಗಸರು ಒಂದು ಕಡೆ, ಸಿಗ್ನಲ್ ಲೈನಿನೋರು ಇನ್ನೊಂದು ಕಡೆ.”

ಸಂಘದ ಕೋಣೆಯಲ್ಲಿ ಕೇರಂ ಆಡುತ್ತಿದ್ದ ಗಂಡಸರು ಕೈ ನಿಲ್ಲಿಸಿ ನಕ್ಕರು.

“ಬಿದ್ದು ಸೊಂಟ ಮುರಿದ್ರೆ ಯಾರು ಹೊಣೆ?” ಎಂದ ಕಾರ್ಯದರ್ಶಿ.

“ದಿನಾ ನಲ್ಲಿಯಿಂದ ಕೊಡ ಹೊತ್ತು ತರ್ತೀವಲ್ಲ, ಆಗ ಬಿದ್ರೆ ಯಾರು ಹೊಣೆ ಸಾರ್?”

ಎಂಟೆಂಟು ಜನ ಸೇರಿದರೆ ನೋಡೋಣ ಎಂದು ಕಾರ್ಯದರ್ಶಿ ಸಾಗಹಾಕಿದ. ಸೇರುವುದಿಲ್ಲ ಎಂಬ ಧೈರ್ಯ ಅವನದು. ಸಿಗ್ನಲ್ ಲೈನಿನವರು ಸಂಜೆಯೊಳಗೆ ಸೇರಿಬಿಟ್ಟರು. ಶೆಡ್ ಲೈನಿನಲ್ಲಿ ಮನೆಮನೆ ತಿರುಗಿದರೂ ಏಳೇ ಜನ. ಒಬ್ಬಳಿಗೆ ಬಾಣಂತನ, ಇನ್ನೊಬ್ಬಳಿಗೆ ನಾಚಿಕೆ, ಮತ್ತೊಬ್ಬಳಿಗೆ ಗಂಡನ ಗುರುಗುರು.

ಗುರುಗುರು ಫಿಟರನ ಹೆಂಡತಿಯ ಮನೆಯಲ್ಲೂ ಇತ್ತು. “ಶಾಲೆ ಮೈದಾನದಲ್ಲಿ, ಮಕ್ಕಳು ಮೇಷ್ಟ್ರುಗಳ ಎದುರಿಗೆ ಸೆರಗು ಕಟ್ಕೊಂಡು ಹಗ್ಗ ಎಳೀತೀಯಾ? ನಾಳೆ ಶೆಡ್ಡಲ್ಲಿ ನಾನು ತಲೆ ಎತ್ತೋದು ಹೇಗೆ? ನನ್ನ ಮಾನ ಹರಾಜು ಹಾಕ್ಬೇಡ,” ಎಂದ ಫಿಟರ್.

ಅವಳು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಅತ್ತೆ ಕೇಳಿದಳು. “ನಿಮ್ಮಪ್ಪ ಹೋದ ಮೇಲೆ ಅದೇ ಶೆಡ್ಡಲ್ಲಿ ಸೆರಗು ಕಟ್ಕೊಂಡು ಕಲ್ಲಿದ್ದಲು ಹೊತ್ತೆನಲ್ಲಪ್ಪ, ಆಗ ನಿನ್ನ ಮಾನ ಎಲ್ಲಿತ್ತು?”

ಊಟಕ್ಕೆ ಕೂತಿದ್ದ ಮಗ ಅನ್ನ ಕಲಸಿದ.

“ಅದು ಹೊಟ್ಟೆಪಾಡು, ಅಮ್ಮ. ಇದು ಆಟ.”

“ಹೌದು, ಆಟ. ಅದನ್ನ ಆಡೋಕೆ ಆಗ ಪುರಸೊತ್ತಿರ್ಲಿಲ್ಲ.” ಸೊಸೆಯ ಕಡೆ ತಿರುಗಿದಳು. “ಎಂಟನೆಯವಳು ನಾನು. ಕೊನೇಲಿ ನಿಲ್ಲಿಸು.”

“ಅತ್ತೆ, ನಿಮ್ಮ ಮಂಡಿ...”

“ಎಳೆಯೋದು ಕೈಯಲ್ಲಿ ಕಣೇ.”

ಅಂದಿನಿಂದ ದಿನವೂ ಶಾಲೆಯ ಗಂಟೆ ಹೊಡೆದು ಮಕ್ಕಳು ಚದುರಿದ ಮೇಲೆ ಎಂಟು ಹೆಂಗಸರು ಬೇವಿನ ಮರಕ್ಕೆ ಹಗ್ಗ ಕಟ್ಟಿ ಎಳೆದರು. ಅಂಗೈಗೆ ಬೊಬ್ಬೆ ಬಂತು. ಮರ ಅಲುಗಲಿಲ್ಲ, ಅವರೂ ಬಿಡಲಿಲ್ಲ.

ಆಟದ ದಿನ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕಾರ್ಯದರ್ಶಿ ಸೀಟಿ ಊದಿದ. ಮೊದಲ ಸುತ್ತು ಶೆಡ್ಡಿನವರದು. ಎರಡನೆಯದು ಸಿಗ್ನಲಿನವರದು. ಮೂರನೆಯದರಲ್ಲಿ ಹಗ್ಗ ಯಾವ ಕಡೆಗೂ ಹೋಗದೆ ಬಿಗಿದು ನಿಂತಿತು. ಬೆನ್ನ ಹಿಂದೆ ಅತ್ತೆಯ ಉಸಿರು ಫಿಟರನ ಹೆಂಡತಿಗೆ ಕೇಳುತ್ತಿತ್ತು. ಗುಂಪಿನೊಳಗಿಂದ ಯಾರೋ ಗಂಟಲು ಹರಿಯುವಂತೆ, “ಹಿಮ್ಮಡಿ ಊರೇ! ಅಮ್ಮಾ, ಊರಮ್ಮಾ!” ಎಂದು ಕೂಗಿದರು. ತಿರುಗಿ ನೋಡದೆಯೇ ಅವಳಿಗೆ ಗಂಡನ ದನಿ ಗೊತ್ತಾಯಿತು.

ಅಷ್ಟರಲ್ಲಿ ಸಾಲಿನ ಮೊದಲನೆಯವಳ ಕಾಲು ಜಾರಿತು. ಅವಳು ನಡುವಿನ ಗೆರೆ ದಾಟಿದಳು, ಎಂಟೂ ಜನ ಸಾಲಾಗಿ ಧೂಳಿನಲ್ಲಿ ಬಿದ್ದರು. ಸಿಗ್ನಲಿನವರು ಕುಣಿದರು. ಬಿದ್ದವರಿಗೂ ನಗು ತಡೆಯಲಾಗಲಿಲ್ಲ.

ಅತ್ತೆ ಮಾತ್ರ ಬಿದ್ದು ಕೂತಲ್ಲೇ ಹಿಮ್ಮಡಿ ಊರಿಕೊಂಡು ಹಗ್ಗ ಹಿಡಿದೇ ಇದ್ದಳು, ಉಡದ ಪಟ್ಟು.

“ಬಿಡಿ ಅಜ್ಜಿ, ಮುಗೀತು. ಗಂಡಸರ ಪಂದ್ಯಕ್ಕೆ ಹಗ್ಗ ಬೇಕು,” ಎಂದ ಕಾರ್ಯದರ್ಶಿ.

“ಇರಪ್ಪ. ಸ್ವಲ್ಪ ಸುಧಾರಿಸ್ಕೊಳ್ತೀವಿ.”

ಬನಿಯನ್ ತೊಟ್ಟು ಸಿದ್ಧರಾಗಿದ್ದ ಗಂಡಸರು ಮೈದಾನದಂಚಿನ ಸುಣ್ಣದ ಗೆರೆಯಾಚೆ ಕೈಕಟ್ಟಿ ನಿಂತು ಕಾದರು. ಫಿಟರನೂ ಅವರಲ್ಲೊಬ್ಬ.